ಕೊಡಲಿ ಹಿಡಿದ ಗೊಂಬೆಯ ಹಣೆಗೆ ಕುಂಕುಮ

ರಾಮಮೂರ್ತಿ ನಗರ
20 ನವೆಂಬರ್ 2024

ಜಗದೀಶ್ ಅವರಿಗೆ,

ನಾನು ಪಂಚಾಕ್ಷರಿಯ ಅಕ್ಕ ಪ್ರೇಮಾ. ಹೆಸರು ನೋಡಿದ ಕೂಡಲೇ ಹರಿದು ಹಾಕಬೇಡಿ. ನಮ್ಮ ಮನೆಯ ಎರಡೂ ನಂಬರುಗಳನ್ನು ನೀವು ಬ್ಲಾಕ್ ಮಾಡಿದ್ದೀರಿ. ಕಾಗದವನ್ನು ಬ್ಲಾಕ್ ಮಾಡಬೇಕಾದರೆ ಪೋಸ್ಟ್‌ಮನ್ ಜೊತೆ ಜಗಳ ಆಡಬೇಕು, ಅಷ್ಟು ತ್ರಾಣ ನಿಮಗೂ ಇರಲಿಕ್ಕಿಲ್ಲ. ನಿಮ್ಮ ವಿಳಾಸ ಹಳೆಯ ಕೊರಿಯರ್ ಡಬ್ಬಿಯ ಮೇಲೆ ಸಿಕ್ಕಿತು.

ನಡೆದದ್ದು ನಿಮಗೆ ಗೊತ್ತು. ಆದರೆ ಅವತ್ತು ನೀವೂ ತಮ್ಮನೂ ಕೂಗಾಡಿದ ಗದ್ದಲದಲ್ಲಿ ನನಗೆ ಮಾತಾಡುವ ಸರದಿಯೇ ಬರಲಿಲ್ಲ. ಈಗ ಆಡುತ್ತೇನೆ.

ಆಯುಧಪೂಜೆ ದಿನ ತಮ್ಮ ಗರುಡಾಚಾರ್‌ಪಾಳ್ಯದ ಆಫೀಸಿಗೆ ಹೋಗಿದ್ದ, ಅಲ್ಲೂ ಪೂಜೆ ಇತ್ತು. ನಾನು ಅವನ ಗಾಡಿ, ಲ್ಯಾಪ್‌ಟಾಪು, ಮಿಕ್ಸಿ, ಈಳಿಗೆ ಎಲ್ಲಕ್ಕೂ ವಿಭೂತಿ ಹಚ್ಚಿ ಕುಂಕುಮ ಇಟ್ಟೆ. ತಿರುಗಿ ನೋಡಿದರೆ ಗಾಜಿನ ಕಪಾಟಿನ ತುಂಬಾ ಕತ್ತಿ, ಬಂದೂಕು, ಭರ್ಜಿ ಹಿಡಿದು ನಿಂತಿದ್ದಾರೆ ನಿಮ್ಮ ಜಪಾನಿನ ಗೊಂಬೆ ಮಂದಿ. ಆಯುಧ ಹಿಡಿದವರನ್ನು ಬಿಟ್ಟು ಮಿಕ್ಸಿಗೆ ಪೂಜೆ ಮಾಡುವುದು ಯಾವ ನ್ಯಾಯ? ಒಬ್ಬೊಬ್ಬರ ಹಣೆಗೂ ಇಟ್ಟೆ. ಒಣ ಕುಂಕುಮ ಉದುರುತ್ತಿತ್ತು, ನಿಲ್ಲಲಿ ಅಂತ ಒಂದೊಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದೆ. ಸಂಜೆ ಒರೆಸಿದಾಗ ಎಲ್ಲರದ್ದೂ ಹೋಯಿತು. ನಿಮ್ಮದೊಂದೇ, ಆ ಕೊಡಲಿ ಹಿಡಿದ ಕೆನೆಬಣ್ಣದ್ದು, ಬಿಡಲಿಲ್ಲ. ನಿಮ್ಮ ಮನೆಯ ಗೋಡೆಗೆ ತೇವ ಬರುತ್ತದೆಂದು ನಮ್ಮಲ್ಲಿ ತಂದು ಇಟ್ಟಿದ್ದಂತೆ, ಅದು ನನಗೆ ಆಮೇಲೆ ತಿಳಿಯಿತು.

ಪೂಜೆ ಮಾಡಿದ್ದಕ್ಕೆ ನಾನು ತಪ್ಪು ಒಪ್ಪುವವಳಲ್ಲ. ಕಲೆ ಉಳಿದದ್ದಕ್ಕೆ ಮಾತ್ರ ತುಂಬಾ ಬೇಜಾರಾಗಿದೆ. ನೀವು ಅವತ್ತು ಸಂಜೆ ಬಂದು ಆ ಕಲೆ ನೋಡಿ "ತಮ್ಮನ ಮನೇಲಿ ತಿಂದ್ಕೊಂಡು ಬಿದ್ದಿರೋ ಹೆಂಗಸಿಗೆ ಇದರ ಬೆಲೆ ಏನ್ರೀ ಗೊತ್ತು" ಅಂದಿರಿ. ಅದು ಬಿಡಿ. ಸಿಟ್ಟಿನಲ್ಲಿ ಬಂದ ಮಾತು, ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಆದರೆ ತಮ್ಮ ಸೊರಗಿದ್ದಾನೆ. ಭಾನುವಾರ ಬಂದರೆ ನೀವಿಬ್ಬರೂ ಒಂದು ಗೊಂಬೆಯ ಮೊಣಕಾಲು ಎಷ್ಟು ಬಾಗಿರಬೇಕು ಅಂತ ಊಟದ ಹೊತ್ತು ಮೀರುವ ತನಕ ವಾದ ಮಾಡುತ್ತಿದ್ದಿರಿ. ನಾನು ಒಳಗಿನಿಂದ ಬೈಯುತ್ತಿದ್ದೆ. ಈಗ ಅವನು ಒಬ್ಬನೇ ಉಂಡು ಎದ್ದುಹೋಗುತ್ತಾನೆ, ಕಪಾಟಿನ ದೀಪ ಕೂಡ ಹಾಕುವುದಿಲ್ಲ. ಅವನಿಗೆ ಈ ಊರಲ್ಲಿ ಗೆಳೆಯ ಅಂತ ಇದ್ದವರು ನೀವೊಬ್ಬರೇ. ಒಂದು ಸಲ ಬನ್ನಿ.

ಶರಣು,
ಪ್ರೇಮಾ

⁂

ಹಲಸೂರು
14 ಡಿಸೆಂಬರ್ 2024

ಪ್ರೇಮಕ್ಕ ಅವರಿಗೆ ನಮಸ್ಕಾರ.

ಕಾಗದ ತಲುಪಿತು. ಉತ್ತರ ಬರೆಯಬಾರದು ಅಂತಲೇ ಇದ್ದೆ. ಕನ್ನಡಕದ ಅಂಗಡಿಯಲ್ಲಿ ಈಗ ಗಿರಾಕಿ ಕಡಿಮೆ, ಮೇಜಿನ ಮೇಲೆ ನಿಮ್ಮ ಕವರು ದಿನಾ ಕಣ್ಣಿಗೆ ಬೀಳುತ್ತಿತ್ತು.

ನೀವು ಗೊಂಬೆ ಅನ್ನುತ್ತೀರಿ. ಇರಲಿ. ಪಂಚಾಕ್ಷರಿಯ ಕಪಾಟಿನಲ್ಲಿ ಇರುವುದೆಲ್ಲ ಗಟ್ಟಿ ಪ್ಲಾಸ್ಟಿಕ್ಕಿನವು, ಮೇಲೆ ಬಣ್ಣ ಇದೆ, ಒರೆಸಿದರೆ ಹೋಗುತ್ತದೆ. ನನ್ನದು ಎಪ್ಪತ್ತರ ದಶಕದ ಮೆತ್ತನೆಯ ವಿನೈಲು. ಎಣ್ಣೆ ಬಿದ್ದರೆ ಅದು ಬಣ್ಣವನ್ನು ಒಳಕ್ಕೆ ಕುಡಿಯುತ್ತದೆ. ಉಜ್ಜಿದರೆ ಮೈ ಸವೆಯುತ್ತದೆ, ಬಿಸಿಲಿಗಿಟ್ಟರೆ ಹಳದಿ ತಿರುಗುತ್ತದೆ. ಅದಕ್ಕೆ ಮದ್ದಿಲ್ಲ.

ನಮ್ಮಪ್ಪ ಕಾರ್ಖಾನೆಯಿಂದ ಟ್ರೈನಿಂಗ್‌ಗೆ ಅಂತ ಜಪಾನಿಗೆ ಹೋದಾಗ ನನಗೆ ತಂದದ್ದು. ನಾನಾಗ ಮೂರನೇ ಕ್ಲಾಸು. ಅಪ್ಪ ನಮಗೆ ತಂದುಕೊಟ್ಟ ವಸ್ತು ಬಹಳ ಇಲ್ಲ. ಅವರು ಮಾತೂ ಕಮ್ಮಿ. ನಾವು ಮನೆ ಬದಲಿಸಿದಾಗೆಲ್ಲ ಅದನ್ನು ನನ್ನ ತೊಡೆ ಮೇಲೆ ಇಟ್ಟುಕೊಂಡೇ ಹೋಗಿದ್ದೇನೆ.

ನಾನು ನಿಮಗೆ ಹಾಗೆ ಅನ್ನಬಾರದಿತ್ತು. ಅನ್ನಿಸಿಕೊಂಡ ನೀವೇ ಬಿಟ್ಟಿದ್ದೇನೆ ಅನ್ನುತ್ತೀರಿ, ಹಾಗಾದರೆ ಅದು ಅಲ್ಲಿಗೆ ಮುಗಿಯಿತು. ಆದರೆ ನಿಮ್ಮ ತಮ್ಮ ಅವತ್ತು ನನ್ನ ಕೊರಳಪಟ್ಟಿ ಹಿಡಿದು "ನಡೀ ಹೊರಗ" ಅಂದ. ಹದಿನೇಳು ವರ್ಷದ ಸ್ನೇಹ. ಶಿವಾಜಿನಗರದ ಗುಜರಿ ಅಂಗಡಿಗಳ ಧೂಳು ಜೊತೆಗೇ ತಿಂದವರು ನಾವು. ಮೂಟೆ ಬಿಚ್ಚಿ ಗೊಂಬೆಯ ಒಂದು ಕೈ, ಒಂದು ಕಾಲು ಸಿಕ್ಕರೂ ಫೋನ್ ಮಾಡಿ ಕರೆಯುತ್ತಿದ್ದೆವು. ನನಗೂ ವಯಸ್ಸಾಯಿತು, ಮುನಿಸು ಮರೆತು ಮತ್ತೆ ಒಂದಾಗುವ ಉಮೇದಿಲ್ಲ.

ದಯವಿಟ್ಟು ಇನ್ನು ಬರೆಯಬೇಡಿ.

ಇತಿ,
ಜಗದೀಶ್

⁂

ರಾಮಮೂರ್ತಿ ನಗರ
8 ಜನವರಿ 2025

ಜಗದೀಶ್ ಅವರಿಗೆ,

ಬರೆಯಬೇಡಿ ಅಂದಿರಿ. ಬರೆಯುತ್ತಿದ್ದೇನೆ. ಸಿಟ್ಟು ಬಂದರೆ ಇನ್ನೊಂದಿಷ್ಟು ಬೈದು ಬರೆಯಿರಿ, ಬೈಸಿಕೊಂಡಾದರೂ ಒಂದು ಕೆಲಸ ಆಗಲಿ.

ತಮ್ಮ ಹದಿನೈದು ದಿನದಿಂದ ಬಿಳಿ ಚಾದರ ಹಾಸಿ ಒಂದೊಂದು ಗೊಂಬೆಯನ್ನೂ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದ. ಮುಂದಿನದು, ಹಿಂದಿನದು, ಅಂಗಾಲಿನದೂ. ನನಗೆ ಖುಷಿಯಾಯಿತು. ಇಂದಿರಾನಗರದಲ್ಲಿ ನೀವಿಬ್ಬರೂ ಹೋದ ಸಲ ಪ್ರದರ್ಶನ ಇಟ್ಟಿದ್ದಿರಲ್ಲ, ಮತ್ತೆ ಅಂಥದ್ದೇನೋ ಅಂದುಕೊಂಡೆ. ಸದ್ಯ ಮನಸ್ಸು ತಿಳಿಯಾಯಿತು ಅಂತ ಅವತ್ತು ಗೋಧಿ ಹುಗ್ಗಿ ಮಾಡಿದೆ.

ನಿನ್ನೆ ಕಲ್ಯಾಣ ನಗರದ ದುರ್ಗೇಶ ಎಂಬವನು ಬಂದ. ಹಳೇ ಆಟಿಕೆ ಕೊಂಡು ಮಾರುವವನಂತೆ. ಕಪಾಟಿನ ಮುಂದೆ ನಿಂತು, ಬಾಡಿಗೆ ಮನೆ ನೋಡುವವರ ಹಾಗೆ ಮೇಲೆ ಕೆಳಗೆ ನೋಡಿದ. ಬಿಡಿ ಕೈಗಳ ಪುಟ್ಟ ಚೀಲಗಳನ್ನೂ ಕೇಳಿದ. ಅವನು ಹೋದ ಮೇಲೆ ಕೇಳಿದೆ:

"ಏನ್ ನಡಸೀಯೋ ತಮ್ಮಾ?"

"ಎಲ್ಲಾ ಮಾರಾಕತ್ತೀನಿ ಅಕ್ಕಾ."

"ಯಾಕ?"

"ಜಗ್ಗುಂದು ಇತ್ತಲ್ಲ, ಅಂಥದ್ದೇ ಒಂದು ಜಪಾನಿನ್ಯಾಗ ಹರಾಜಿಗೆ ಬಂದೈತಿ. ಅದೇ ವರ್ಷದ್ದು. ಒಂದು ಕಲಿ ಇಲ್ಲ. ಅದನ್ನ ತರಿಸಿ ಅವನ ಮಾರಿ ಮುಂದ ಇಡ್ತೀನಿ."

ಇದೆಂಥ ಹುಚ್ಚು ನೋಡಿ! ಇದೇ ಗೊಂಬೆಗಳ ಮೇಲೆ ನಾನು ಸಿಡುಕದ ದಿನ ಇರಲಿಲ್ಲ. ಫ್ಯಾನ್ ಹಾಕಬೇಡ ಧೂಳು ಕೂರುತ್ತದೆ, ಕಿಟಕಿ ತೆರೆಯಬೇಡ ಬಿಸಿಲು ಬೀಳುತ್ತದೆ. ಬೇಸಿಗೆಯಲ್ಲಿ ನಾವು ಬೆವರಿದರೂ ಅವು ತಣ್ಣಗಿರಬೇಕು. ಈಗ ಅವು ಹೋಗುತ್ತವೆ ಅಂದರೆ ನಾನೇ ಎದ್ದು ಕಪಾಟಿನ ಗಾಜು ಒರೆಸುತ್ತಿದ್ದೇನೆ. ಅವನಿಗೆ ಹೆಂಡತಿ ಮಕ್ಕಳಿಲ್ಲ. ಆಫೀಸಿನಿಂದ ಬಂದು ಬೂಟು ಬಿಚ್ಚುವ ಮೊದಲೇ ಆ ಕಪಾಟಿನ ಮುಂದೆ ನಿಲ್ಲುತ್ತಿದ್ದ. ಖಾಲಿ ಗಾಜಿನ ಮುಂದೆ ಏನು ಮಾಡುತ್ತಾನೆ?

ನಾನು ಹೇಳಿದರೆ ಕೇಳುವುದಿಲ್ಲ. ನೀವು ಬಂದು "ನನಗೆ ಬೇಡಪ್ಪಾ" ಅಂದರೆ ನಿಲ್ಲಿಸುತ್ತಾನೆ. ಅಷ್ಟೇ ಸಾಕು.

ಶರಣು,
ಪ್ರೇಮಾ

⁂

ರಾಮಮೂರ್ತಿ ನಗರ
3 ಫೆಬ್ರವರಿ 2025

ಜಗದೀಶ್ ಅವರೇ,

ನಿಮ್ಮಿಂದ ಉತ್ತರ ಇಲ್ಲ. ಈ ಶನಿವಾರ ದುರ್ಗೇಶ ಗಾಡಿ ತರುತ್ತಾನೆ. ತಮ್ಮ ಹಳೇ ಪೇಪರು, ಗುಳ್ಳೆ ಪ್ಲಾಸ್ಟಿಕ್ಕು ತಂದು ಒಟ್ಟಿದ್ದಾನೆ. ಒಂದೊಂದನ್ನೂ ಸುತ್ತುವ ಮೊದಲು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂರುತ್ತಾನೆ. ನಾನು ನೋಡಲಾರದೆ ಅಡುಗೆ ಮನೆಗೆ ಹೋಗುತ್ತೇನೆ.

ಶನಿವಾರದ ಒಳಗೆ ಬನ್ನಿ. ಇನ್ನೇನು ಬರೆಯಲಿ?

ಪ್ರೇಮಾ

⁂

ಹಲಸೂರು
19 ಫೆಬ್ರವರಿ 2025

ಪ್ರೇಮಕ್ಕ,

ನಾನು ಆ ಶನಿವಾರ ಬಂದಿದ್ದೆ.

ನಿಮ್ಮ ಬೀದಿಯ ತಿರುವಿನಲ್ಲಿ ಎಳನೀರಿನವನ ಗಾಡಿ ಹತ್ತಿರ ಸ್ಕೂಟರ್ ನಿಲ್ಲಿಸಿದೆ. ಟೆಂಪೊ ನಿಂತಿತ್ತು. ದುರ್ಗೇಶ ಡಬ್ಬಿ ಹೊರುತ್ತಿದ್ದ, ಪಂಚು ಮೆಟ್ಟಿಲ ಮೇಲೆ ನಿಂತು "ನಿಧಾನ, ಅದನ್ನ ಅಡ್ಡ ಮಲಗಿಸಬ್ಯಾಡ" ಅನ್ನುತ್ತಿದ್ದ. ಆ ದನಿ ಕೇಳಿ ಅಲ್ಲೇ ನಿಂತೆ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ಕೂಗಿದರೆ ಅವನು ತಿರುಗಿ ನೋಡುತ್ತಾನೆ, ಬೀದಿಯವರ ಮುಂದೆ ಮತ್ತೆ "ನಡೀ" ಅಂದುಬಿಟ್ಟರೆ ಅಂತ ಹೆದರಿದೆ. ಎಳನೀರಿನವನು ಕೊಚ್ಚಿ ಕೈಗೆ ಕೊಟ್ಟ, ಕುಡಿದು ಮುಗಿಸುವ ಹೊತ್ತಿಗೆ ಟೆಂಪೊ ಹೊರಟಿತ್ತು. ನಾನೂ ಹೊರಟೆ.

ನನಗೆ ಆ ಹೊಸ ಪೀಸ್ ಬೇಡ, ಪ್ರೇಮಕ್ಕ. ನಿಮಗೆ ಬರೆಯಲು ಸುಲಭ, ಅವನಿಗೆ ಹೇಳಲು ಆಗುತ್ತಿಲ್ಲ. ಸುಸ್ತಾಗಿಬಿಟ್ಟಿದೆ.

ಜಗದೀಶ್

⁂

ರಾಮಮೂರ್ತಿ ನಗರ
2 ಮಾರ್ಚ್ 2025

ಜಗದೀಶ್ ಅವರೇ,

ಎಳನೀರು ಕುಡಿದು ಹೋದಿರಾ! ಬೀದಿಯ ತನಕ ಬಂದವರಿಗೆ ಹೊಸ್ತಿಲು ದಾಟಲು ಏನು ಧಾಡಿ? ನಿಮಗೆ ಇನ್ನೂ ಏನೇನೋ ಬರೆಯಬೇಕು ಅಂತ ಕೂತೆ, ಕೈ ಸೋತಿದೆ.

ಕಪಾಟು ಖಾಲಿಯಾಯಿತು. ಮೂರು ದಿನ ಹಾಗೇ ಇತ್ತು. ನಾಲ್ಕನೆಯ ದಿನ ನಾನು ಎರಡು ಸ್ಟೀಲಿನ ಡಬ್ಬಿ ಒಳಗಿಟ್ಟೆ, ಅದು ಭಣ ಭಣ ಅನ್ನುವುದು ತಪ್ಪಲಿ ಅಂತ. ತಮ್ಮ ಅವನ್ನು ತೆಗೆದು ಅಡುಗೆ ಮನೆಯಲ್ಲಿಟ್ಟ. ಜಪಾನಿನಿಂದ ತರಿಸಿದ ಆ ಗೊಂಬೆಯ ಪಾರ್ಸೆಲ್ಲು ಕಸ್ಟಮ್ಸಿನಲ್ಲಿ ಕೂತಿದೆಯಂತೆ.

ನನ್ನ ಮಗಳು ಸೌಂದರ್ಯಾ ಈಗ ಏಳು ತಿಂಗಳ ಬಸುರಿ. ಬಾಣಂತನಕ್ಕೆ ತವರಿಗೆ ಕರೆಯುವುದು ಪದ್ಧತಿ. ತಮ್ಮ "ಇಲ್ಲೇ ಕರಸು ಅಕ್ಕಾ, ಇದು ನಿನ್ನ ಮನಿ" ಅಂದ. ನಾನೇ ಬೇಡ ಅಂದೆ. ನಾಳಿದ್ದು ಗದಗಿಗೆ ಹೋಗುತ್ತಿದ್ದೇನೆ, ಮಗಳ ಮನೆಯಲ್ಲೇ ಬಾಣಂತನ. ಎಷ್ಟು ದಿನ ಅಂತ ಅವನಿಗೆ ಹೇಳಿಲ್ಲ, ನನಗೂ ಗೊತ್ತಿಲ್ಲ.

ನಿಮ್ಮಿಬ್ಬರ ನಡುವೆ ನಾನೇ ಅಡ್ಡ ಇದ್ದೆ ಅಂತ ಕಾಣುತ್ತದೆ. ನಾನಿಲ್ಲದಾಗಲಾದರೂ ಒಮ್ಮೆ ಬನ್ನಿ. ಗದಗಿನ ವಿಳಾಸ ಹಿಂದೆ ಬರೆದಿದ್ದೇನೆ.

ಶರಣು,
ಪ್ರೇಮಾ

⁂

ರಾಮಮೂರ್ತಿ ನಗರ
27 ಏಪ್ರಿಲ್ 2025

ಜಗ್ಗು,

ಇದರ ಜೊತೆ ಇರುವುದು ನಿನ್ನದು. ಅದೇ ವರ್ಷದ್ದು, ಅದೇ ಅಚ್ಚು, ಕೊಡಲಿಯ ಬೆಳ್ಳಿ ಬಣ್ಣವೂ ಹೋಗಿಲ್ಲ. ಡಬ್ಬಿಯ ಒಂದು ಮೂಲೆ ಮಾತ್ರ ಸ್ವಲ್ಪ ಜಜ್ಜಿದೆ, ಅದು ಬರುವಾಗ ಆದದ್ದಲ್ಲ, ಮೊದಲಿಂದಲೂ ಹಾಗೇ ಇತ್ತು ಅಂತ ಮಾರಿದವರು ಫೋಟೊದಲ್ಲಿ ತೋರಿಸಿದ್ದರು.

ನನ್ನ ಕಡೆಯದು ಮುಗಿಯಿತು.

ಪಂಚಾಕ್ಷರಿ

⁂

ಹಲಸೂರು
12 ಮೇ 2025

ಅಕ್ಕಾ,

ಹೀಗೆ ಕರೆಯಬಹುದೋ ಬೇಡವೋ, ಕೊನೆಯ ತನಕ ಓದಿ ನೀವೇ ಹೇಳಿ.

ಪಾರ್ಸೆಲ್ ಬಂತು. ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿದೆ. ನಿಜಕ್ಕೂ ಒಂದು ಗೀರಿಲ್ಲ. ನಮ್ಮಪ್ಪ ತಂದದ್ದರ ಪಕ್ಕ ಇಟ್ಟರೆ ನನ್ನದೇ ಬಡವ. ಆದರೂ ಅದು ಯಾರದ್ದೋ ಮನೆಯ ಮಗು ಬಂದು ಕೂತ ಹಾಗೆ ಕೂತಿತ್ತು. ನನಗೆ ಅಳು ಬಂತು. ಇದಕ್ಕೋಸ್ಕರ ಅವನು ಹದಿನೇಳು ವರ್ಷ ಕೂಡಿಟ್ಟದ್ದೆಲ್ಲ ಕೊಟ್ಟನಲ್ಲ!

ನಿನ್ನೆ ಭಾನುವಾರ ಅದನ್ನು ವಾಪಸ್ ಕೊಡಲು ಹೋದೆ. ಈ ಸಲ ಎಳನೀರಿನವನ ಕಡೆ ನೋಡಲೇ ಇಲ್ಲ. ಪಂಚು ಬಾಗಿಲು ತೆಗೆದ. ತೆಳ್ಳಗಾಗಿದ್ದಾನೆ. ಪಕ್ಕಕ್ಕೆ ಸರಿಯಲಿಲ್ಲ, ಹೊಸ್ತಿಲಲ್ಲೇ ನಿಂತ.

"ಪಂಚು, ಇದು ನಂಗೆ ಬೇಡ ಕಣೋ."

"ಯಾಕ? ಕಲಿ ಐತೇನು?"

"ಇಲ್ಲ. ಚೆನ್ನಾಗೇ ಇದೆ. ಆದ್ರೆ ಇದು ನಮ್ಮಪ್ಪ ತಂದಿದ್ದಲ್ಲ."

"ಅದು ನನಗ ಗೊತ್ತಿಲ್ಲೇನು? ನಿಮ್ಮಪ್ಪನ್ನ ನಾ ಎಲ್ಲಿಂದ ತರ್ಲಿ? ನನ್ನ ಕೈಲೆ ಆಗೂದು ಇಷ್ಟು. ಇರೋದೆಲ್ಲಾ ಮಾರಿ ನಿನ್ನ ಗೊಂಬಿ ನಿನಗ ಕೊಟ್ಟೀನಿ. ಈಗ ನೀ ಹೇಳು. ನಮ್ಮಕ್ಕಗ ನೀ ಏನ್ ಕೊಡ್ತಿ?"

ನಾನು ಅಂದೆ, "ಪ್ರೇಮಕ್ಕ ನಂಗೆ ಕಾಗದ ಬರ್ದಿದಾರೆ. ಮನಸ್ಸಿಗೆ ಹಚ್ಕೊಂಡಿಲ್ಲ ಅಂತ ಅವ್ರೇ ಹೇಳಿದಾರೆ."

"ಆಕಿ ಬರೀತಾಳ. ಬರಿಯಾಕೇನು? ಆಯುಧಪೂಜಿ ದಿನದಿಂದ ಆಕಿ ನನ್ನ ಕೂಡ ಕುಂತು ಉಂಡಿಲ್ಲ, ಗೊತ್ತೈತೇನು ನಿನಗ? ನನಗ ಬಡಿಸಿ ಒಳಗ ಹೋಗ್ತಾಳ. ನಾ ಉಂಡೆದ್ದ ಮ್ಯಾಲೆ, ಉಳಿದದ್ದು ಏನೈತಿ ಅದನ್ನ ನಿಂತಕೊಂಡು ಉಣ್ತಾಳ. ಕರದ್ರ ಹಸಿವಿಲ್ಲ ಅಂತಾಳ. ಗದಗದಾಗ ಖಾನಾವಳಿಗೆ ರೊಟ್ಟಿ ಬಡದು ನನ್ನ ಓದಿಸಿದಾಕಿ ಲೇ ಆಕಿ! ಆಕಿಗೆ ತಿಂದ್ಕೊಂಡು ಬಿದ್ದಾಳ ಅಂದಿ ನೀ."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವನೂ ಕೂತ. ಗೊಂಬೆಯ ಡಬ್ಬಿ ನಡುವೆ ಇತ್ತು, ಅದನ್ನು ಇಬ್ಬರೂ ಮುಟ್ಟಲಿಲ್ಲ. ಕೊನೆಗೆ ಅವನು, "ಅಕ್ಕ ಹ್ಞೂಂ ಅಂದ್ರ ಒಳಗ ಬಾ. ಅಲ್ಲೀತನಕ ಬ್ಯಾಡ" ಅಂದು ಎದ್ದುಹೋದ.

ನಿಮ್ಮ ಎಲ್ಲ ಕಾಗದ ಮತ್ತೆ ಓದಿದೆ. "ಒಬ್ಬನೇ ಉಂಡು ಎದ್ದುಹೋಗುತ್ತಾನೆ" ಅಂತ ಬರೆದಿದ್ದೀರಿ. ಅವನು ಮುನಿಸಿಕೊಂಡು ಒಬ್ಬನೇ ಉಣ್ಣುತ್ತಾನೆ ಅಂದುಕೊಂಡಿದ್ದೆ. ಒಂದು ಗೊಂಬೆ ಎಣ್ಣೆ ಕುಡಿದದ್ದು ನನಗೆ ದೂರದಿಂದಲೇ ತಿಳಿಯಿತು. ಮನುಷ್ಯರು ಊಟ ಬಿಟ್ಟದ್ದು ನಾಲ್ಕು ಕಾಗದ ಓದಿದರೂ ತಿಳಿಯಲಿಲ್ಲ.

ಅಕ್ಕಾ, ನಾನು ಆಡಿದ್ದು ಹೊಲಸು ಮಾತು. ಸಿಟ್ಟಿನಲ್ಲಿ ಬಂತು ಅಂತ ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಎಲ್ಲಿ ಹೊಡೆದರೆ ನೋಯುತ್ತದೆ ಅಂತ ಗೊತ್ತಿದ್ದೇ ಆಡಿದೆ. ಕ್ಷಮಿಸಿ.

ನಿಮ್ಮ
ಜಗದೀಶ್

⁂

ಗದಗ
1 ಜೂನ್ 2025

ತಮ್ಮ ಜಗದೀಶ,

ಅಕ್ಕಾ ಅಂದ ಮೇಲೆ ನಾನೂ ಬಹುವಚನ ಬಿಡುತ್ತೇನೆ.

ಸೌಂದರ್ಯಾ ಹೆಣ್ಣು ಹಡೆದಿದ್ದಾಳೆ, ತಾಯಿ ಮಗು ಇಬ್ಬರೂ ಆರಾಮ. ಹಸುಗೂಸಿನ ಬಟ್ಟೆ ಒಗೆದು, ಬಾಣಂತಿಗೆ ನೀರು ಹಾಕಿ, ಕೂತು ಓದುವಷ್ಟರಲ್ಲಿ ನಿನ್ನ ಕಾಗದ ಬಂದು ವಾರವೇ ಆಗಿತ್ತು. ಎರಡು ಸಲ ಓದಿದೆ.

ಕ್ಷಮಿಸಿದ್ದೇನೆ ಅಂತ ಬರೆದರೆ ಅದು ಸುಳ್ಳು. ಮೊದಲನೆಯ ಕಾಗದದಲ್ಲಿ ಬರೆದದ್ದೂ ಸುಳ್ಳೇ. ತಟ್ಟೆ ಮುಂದೆ ಕೂತರೆ ನಿನ್ನ ಮಾತು ಕೇಳಿಸುತ್ತದೆ, ತುತ್ತು ಇಳಿಯುವುದಿಲ್ಲ. ಇಲ್ಲಿ ಮಗಳ ಮನೆಯಲ್ಲೂ ಅಷ್ಟೇ. ಅಳಿಯ ಒಳ್ಳೆಯವನು, ದಿನಾ ಕರೆಯುತ್ತಾನೆ. ನಾನು ಒಲೆಯ ಹತ್ತಿರವೇ ನಿಂತು ಒಂದಿಷ್ಟು ನುಂಗಿ ಮುಗಿಸುತ್ತೇನೆ. ನೀನು ಒಂದು ಗಳಿಗೆಯಲ್ಲಿ ಅಂದದ್ದನ್ನು ಎಂಟು ತಿಂಗಳಿಂದ ಹೊತ್ತು ತಿರುಗುತ್ತಿದ್ದೇನೆ. ಸಾಕಾಗಿದೆ ತಮ್ಮಾ.

ನಿನ್ನೆ ಪಂಚಾಕ್ಷರಿಗೆ ಫೋನ್ ಮಾಡಿದೆ. "ಜಗದೀಶ ಬಂದ್ರ ಒಳಗ ಕರಿ" ಅಂದೆ. ಅವನು ಕೇಳಿದ, "ನಿನಗ ಸಮಾಧಾನ ಆತೇನ್ ಅಕ್ಕಾ?" ಇಲ್ಲ ಅಂದೆ. "ಹಂಗಾರ ಯಾಕ ಕರೀಲಿ?" ಅಂದ. "ನಾ ಬಂದ ದಿನಾನೇ ಕರಿ, ಅದಕ್ಕಿಂತ ಮೊದಲ ಬ್ಯಾಡ" ಅಂದೆ.

ಮುಂದಿನ ತಿಂಗಳ ಮೊದಲನೇ ಭಾನುವಾರಕ್ಕೆ ಊರಿಗೆ ಬಂದಿರುತ್ತೇನೆ. ನೀನು ಊಟದ ಹೊತ್ತಿಗೆ ಬಾ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿಟ್ಟಿರುತ್ತೇನೆ. ಅವತ್ತು ನಾನು ಅಡುಗೆ ಮನೆಗೆ ಹೋಗುವುದಿಲ್ಲ, ಪಂಚಾಕ್ಷರಿಯ ಪಕ್ಕದಲ್ಲೇ ಕೂರುತ್ತೇನೆ. ನನ್ನ ತಟ್ಟೆಗೆ ನೀನು ಬಡಿಸಬೇಕು. ಸಾಕು ಅಂತ ನಾನು ಅನ್ನುವ ತನಕ ಬಡಿಸಬೇಕು.

ಪ್ರೇಮಕ್ಕ